ಪರಹೊಲ ಮೀಮಾಂಸೆ

ಸೂತ್ರ: ಯಾವ ಹೊಲದ ಪಹಣಿಯಲ್ಲಿ ನಮ್ಮ ಹೆಸರಿಲ್ಲವೋ ಆ ಹೊಲವೇ ರಜೆಗೆ ಯೋಗ್ಯ.

ಭಾಷ್ಯ: ಹೊಲ ಎರಡು ಬಗೆ, ಸ್ವಹೊಲ ಮತ್ತು ಪರಹೊಲ. ಕಲಬುರಗಿಯ ಸೇಡಂ ರಸ್ತೆಯ ಕಡೆ ಮನೆ, ಕಮಲಾಪುರದ ಬಳಿ ಹಿರಿಯರ ಎರೆಭೂಮಿ, ಶಾಲೆಗೆ ಹೋಗುವ ಎರಡು ಮಕ್ಕಳು, ಈ ಮೂರೂ ಒದಗಿ ಬಂದ ಗೃಹಸ್ಥನೇ ಈ ಶಾಸ್ತ್ರಕ್ಕೆ ಅಧಿಕಾರಿ. ಮಕ್ಕಳು ಮಣ್ಣು ಮುಟ್ಟಬೇಕು, ದನಕರುಗಳ ಜೊತೆ ನಾಲ್ಕು ದಿನ ಇರಬೇಕು ಎಂಬ ಹಂಬಲ ಅವನಿಗೆ ವರ್ಷಕ್ಕೊಮ್ಮೆ ತಪ್ಪದೆ ಹುಟ್ಟುತ್ತದೆ. ಆ ಹಂಬಲ ಕಮಲಾಪುರಕ್ಕೆ ಹೋಗಿ ತೀರುವಂಥದ್ದಲ್ಲ. ಹುಮನಾಬಾದ್ ಬೇಸ್‌ನಲ್ಲಿ ಜೀಪು ಹತ್ತಿದರೆ ತಾಸಿನೊಳಗೆ ಮುಟ್ಟಿಸುವ, ಸುಮಾರು 35 ಕಿ.ಮೀ. ದೂರದ ಊರಿಗೆ ಹೋಗಿ ಬರುವುದನ್ನು ಪ್ರವಾಸವೆಂದು ಯಾವ ಪಂಡಿತನೂ ಒಪ್ಪಿದ್ದಿಲ್ಲ. ಆದ್ದರಿಂದ ಇಟಲಿ.

ಇಟಲಿಯಲ್ಲಿ ಈ ಶಾಸ್ತ್ರಕ್ಕೆ ರಾಜಮುದ್ರೆ ಬಿದ್ದು ಬಹಳ ಕಾಲವಾಯಿತು. ರೈತನ ಮನೆಯಲ್ಲಿ ದುಡ್ಡು ಕೊಟ್ಟು ಇಳಿದುಕೊಳ್ಳುವ ಪದ್ಧತಿಗೆ ಅಲ್ಲಿ 1985ರಲ್ಲಿ ಕಾನೂನಾಯಿತು, 2006ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂತು. ಅತಿಥಿಗಳ ಉಪಚಾರಕ್ಕಿಂತ ಬೇಸಾಯವೇ ಮುಖ್ಯ ಕಸುಬಾಗಿರಬೇಕು ಎಂಬುದು ಅದರ ತಿರುಳು, ರೈತ ವೇಷಧಾರಿಯಾಗಿರಕೂಡದು. ಆಲ್ಪ್ಸ್ ಪರ್ವತದ ಮಗ್ಗುಲಿನ ದಕ್ಷಿಣ ಟಿರೋಲ್‌ನಲ್ಲಿ ರೈತರ ಸಂಘವೇ ಕೆಂಪು ಹುಂಜದ ಗುರುತಿನಡಿ ಇಂಥ ಮನೆಗಳನ್ನು ಒಗ್ಗೂಡಿಸಿದೆ. ಹೋಟೆಲಿಗೆ ನಕ್ಷತ್ರವಿದ್ದಂತೆ ಈ ಮನೆಗಳ ದರ್ಜೆಗೆ ಹೂವು. ಮಕ್ಕಳು ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗಬಹುದು, ಹಾಲು ಹಿಂಡುವುದನ್ನು ನೋಡಬಹುದು, ಕೋಳಿಗೂಡಿಗೆ ಕೈ ಹಾಕಿ ಬೆಚ್ಚನೆಯ ಮೊಟ್ಟೆ ತೆಗೆಯಬಹುದು. ಇದನ್ನೇ ಕಮಲಾಪುರದಲ್ಲಿ ಮಾಡಿದರೆ ಕೆಲಸ. ಯೂರೋ ಎಣಿಸಿ ಮಾಡಿದರೆ ಅನುಭವ.

ಪೂರ್ವಪಕ್ಷ: ಇದನ್ನು ಎತ್ತಿದವರು ಕಮಲಾಪುರದ ಮುತ್ಯಾ. “ಏನ್ ತಮ್ಮಾ, ಸಗಣಿ ನೋಡ್ಲಾಕ ಇಟಲಿಗಿ ಹೊಂಟೀರಂತ? ನಮ್ಮ ಎಮ್ಮಿ ಏನ್ ಮಲ್ಲಿಗಿ ಹೂ ಹಾಕ್ತದೇನು?”

ಸಿದ್ಧಾಂತ: ಆಕ್ಷೇಪ ಬಲವಾದದ್ದೇ. ಆದರೆ ಪೂರ್ವಪಕ್ಷಿಗಳು ಸಗಣಿಯ ಸ್ವರೂಪವನ್ನು ಕುರಿತು ಮಾತಾಡುತ್ತಿದ್ದಾರೆ. ವಾದವಿರುವುದು ಅದನ್ನು ಬಾಚುವವರು ಯಾರು ಎಂಬುದರ ಮೇಲೆ. ಮೇಲಾಗಿ, ಸ್ವಹೊಲದ ಬದುವಿನ ಮೇಲೆ ನಿಂತವನಿಗೆ ಹೊಲ ಕಾಣುವುದೇ ಇಲ್ಲ. ಸೊಸೈಟಿ ಸಾಲ ಕಾಣುತ್ತದೆ, ಬೆಳೆ ವಿಮೆ ಕಾಣುತ್ತದೆ, ನೀರು ಬೀಳದ ಬೋರು ಕಾಣುತ್ತದೆ, ತಮ್ಮನ ಪಾಲು ಕಾಣುತ್ತದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಡಿದು ಕಾಯಿ ಕಟ್ಟುವ ಹೊತ್ತಿನ ತೊಗರಿ ನಿಂತಲ್ಲೇ ಒಣಗಿತಲ್ಲ, ಆ ಹೊಲದಲ್ಲಿ ನಿಂತು ಸೆಲ್ಫಿ ತೆಗೆಸಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಟಿರೋಲ್‌ನ ಸೇಬಿಗೆ ರೋಗ ಬಂದರೆ ಅದು ಆ ರೈತನ ಗ್ರಹಚಾರ, ನಮ್ಮ ಪಾಲಿಗೆ ಬರೀ ಹಸಿರು. ಪರಹೊಲದ ಪರಮ ಪ್ರಯೋಜನ ಇದೇ.

ಇನ್ನು ಕಾಲನಿರ್ಣಯ. ಶಾಸ್ತ್ರ ತಡವರಿಸುವುದು ಇಲ್ಲಿ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಟಿರೋಲ್‌ನ ದನಗಳು ಬೆಟ್ಟದ ಹುಲ್ಲುಗಾವಲಿಗೆ ಹೊರಡುವುದು ಜೂನ್‌ನಲ್ಲಿ, ಇಳಿಯುವುದು ಸೆಪ್ಟೆಂಬರಿನಲ್ಲಿ. ಅವು ಹತ್ತುವಾಗ ನಮ್ಮ ಮಕ್ಕಳು ಹೊಸ ಪುಸ್ತಕಕ್ಕೆ ರಟ್ಟು ಹಾಕುತ್ತಿರುತ್ತಾರೆ, ಇಳಿಯುವಾಗ ಪರೀಕ್ಷೆಗೆ ಉರು ಹೊಡೆಯುತ್ತಿರುತ್ತಾರೆ. ಹೀಗಾಗಿ ದನಗಳ ಪಂಚಾಂಗ ಒಪ್ಪುವವರು ಶಾಲೆಗೆ ರಜೆ ಅರ್ಜಿ ಕೊಡಬೇಕು. ಶಾಲೆಯ ಒಪ್ಪಿಗೆ ಪತ್ರ ವೀಸಾ ಕಡತಕ್ಕೂ ಬೇಕು. ಅರ್ಜಿಯಲ್ಲಿ ಕಾರಣ ಏನೆಂದು ಬರೆಯುವುದು? ‘ದನ ಮೇಯಿಸುವ ನಿಮಿತ್ತ’ ಎಂದು ಬರೆದರೆ ಸುಳ್ಳಂತೂ ಆಗದು. ಆದರೆ “ಓದಲಿಲ್ಲಂದ್ರ ದನ ಕಾಯ್ಲಾಕ ಹೋಗ್ತಿ ನೋಡು” ಎಂದು ತಲೆಮಾರುಗಳಿಂದ ಹೆದರಿಸುತ್ತ ಬಂದ ಗುರುಪರಂಪರೆಗೆ ಆ ಕಾಗದ ಓದಿ ಏನಾಗಬೇಡ! ಹೊಸ ನಿಯಮದ ಪ್ರಕಾರ ತೊಂಬತ್ತೈದು ಪರ್ಸೆಂಟ್ ತೆಗೆದವನಿಗೇ ದನ ಕಾಯುವ ಭಾಗ್ಯ. ನಪಾಸಾದವನು ಮನೆಯಲ್ಲಿ ಕೂತು ಟ್ಯೂಷನ್ನಿಗೆ ಹೋಗತಕ್ಕದ್ದು.

ಅಪವಾದ ಒಂದಿದೆ, ಎಳ್ಳ ಅಮಾವಾಸ್ಯೆ. ಅಂದು ಕಲಬುರಗಿಗೆ ಕಲಬುರಗಿಯೇ ಬುತ್ತಿ ಕಟ್ಟಿಕೊಂಡು ಹೊಲದ ದಾರಿ ಹಿಡಿಯುತ್ತದೆ. ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ನೆಲಕ್ಕೆ ಕೂತರೆ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಸಿ ಕಾಳು ಬದನೆ ಗಜ್ಜರಿ ಎಲ್ಲ ಕೂಡಿ ಕುದ್ದ ಭಜ್ಜಿ, ಮೇಲೆ ಅಂಬಲಿ. ಹೊಲವಿಲ್ಲದ ಆಫೀಸಿನವರನ್ನೂ ಓಣಿಯವರನ್ನೂ ಕರೆದು ಉಣಿಸುತ್ತಾರೆ. ಅವರ ಮಟ್ಟಿಗೆ ಅದು ಶುದ್ಧ ಪರಹೊಲ. ಆದರೂ ಶಾಸ್ತ್ರ ಇದನ್ನು ಮಾನ್ಯ ಮಾಡದು. ಮುಂಗಡ ಬುಕಿಂಗ್ ಇಲ್ಲ, ಹೂವಿನ ದರ್ಜೆ ಇಲ್ಲ, ಸಾಕು ಅಂದರೂ ಇನ್ನೊಂದು ಸೌಟು ಬೀಳುವುದು ನಿಲ್ಲುವುದಿಲ್ಲ. ಮುಖ್ಯವಾಗಿ, ಬಿಲ್ಲೇ ಇಲ್ಲದ ಮೇಲೆ ಅನುಭವವಾಯಿತು ಎಂಬುದಕ್ಕೆ ಪುರಾವೆ ಯಾವುದು?

ವೀಸಾ ಪ್ರಕರಣ: ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಪುಕ್ಕಟೆ. ತಲೆಗೆ 30,000 ಯೂರೋ ಮೊತ್ತದ ವಿಮೆ. ಹನ್ನೆರಡರೊಳಗಿನವರಿಗೆ ಬೆರಳಚ್ಚು ಮಾಫಿ, ಉಳಿದವರು ಬೆಂಗಳೂರಿಗೆ ಹೋಗಿ ಬೆರಳು ಒತ್ತಬೇಕು. 2024ರಿಂದ ವಂದೇ ಭಾರತ್ ಇದೆ. ಇಷ್ಟಾದ ಮೇಲೆ ವೀಸಾದವರ ಶಂಕೆ: ನೀವು ಅಲ್ಲೇ ಉಳಿದುಬಿಟ್ಟರೆ? ಮರಳಿ ಬರುತ್ತೇವೆ ಎಂದು ನಂಬಿಸಲು ಉದ್ಯೋಗದ ಪತ್ರದ ಜೊತೆ ಆಸ್ತಿಯ ಕಾಗದ ಇಡುವುದು ವಾಡಿಕೆ. ಅಂದರೆ ಪಹಣಿ! ಪರಹೊಲ ಕಾಣಬೇಕಾದರೆ ಸ್ವಹೊಲವೇ ಜಾಮೀನು ನಿಲ್ಲಬೇಕು. ಗೃಹಸ್ಥ ಕಮಲಾಪುರಕ್ಕೆ ಓಡಿ ಪಹಣಿ ತೆಗೆಸಿ ನೋಡಿದರೆ, ಹೊಲ ಇನ್ನೂ ಮುತ್ಯಾನ ಹೆಸರಿನಲ್ಲೇ ಇದೆ. ಆಗ ನಮ್ಮ ಸೂತ್ರದಂತೆ ಕಮಲಾಪುರದ ಹೊಲವೇ ರಜೆಗೆ ಯೋಗ್ಯವಾಗಿಬಿಡುತ್ತದಲ್ಲ ಎಂದು ಕುಚೋದ್ಯ ಮಾಡುವವರಿದ್ದಾರೆ. ಅವರಿಗಾಗಿ ವಾರ್ತಿಕ: ‘ಹೆಸರಿಲ್ಲವೋ’ ಎಂಬಲ್ಲಿ ‘ಮುಂದೆಯೂ ಬರಲಾರದೋ’ ಎಂದು ಸೇರಿಸಿ ಓದಿಕೊಳ್ಳತಕ್ಕದ್ದು.

ಕೊನೆಯದು ಬುತ್ತಿ ಪ್ರಕರಣ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಆದಕಾರಣ ಮುತ್ಯಾ ಕಾಸಿ ಕೊಟ್ಟ ಎಮ್ಮೆ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಬೇಕು. 2019ರ ಡಿಸೆಂಬರಿನಿಂದ ಹಣ್ಣು ತರಕಾರಿಗೂ ರೋಗವಿಲ್ಲವೆಂಬ ಸರ್ಟಿಫಿಕೇಟು ಬೇಕು. ಅನಾನಸ್, ತೆಂಗು, ಖರ್ಜೂರ, ದುರಿಯನ್, ಬಾಳೆ, ಈ ಐದಕ್ಕೆ ಮಾತ್ರ ವಿನಾಯಿತಿ. ಜಿಐ ಮಾನ್ಯತೆ ಪಡೆದ, ಗೊನೆ ಕೈಗೆ ಬರಲು ವರ್ಷಕ್ಕೂ ಹೆಚ್ಚು ಕಾಯಿಸುವ ಕಮಲಾಪುರದ ಕೆಂಪು ಬಾಳೆಯೂ ಬಾಳೆಯೇ. ಹೀಗಾಗಿ ಇಡೀ ಮನೆತನದಲ್ಲಿ ಬೆರಳಚ್ಚು, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದೂ ಇಲ್ಲದೆ ಇಟಲಿಯೊಳಗೆ ಕಾಲಿಡುವ ಯೋಗ್ಯತೆ ಇರುವುದು ಅದಕ್ಕೊಂದಕ್ಕೇ. ಮುತ್ಯಾ ಎರಡು ಡಜನ್ ಕಟ್ಟಿ ಕೊಟ್ಟಿದ್ದಾರೆ.