ಬಯೋಸ್ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಕುಡಿಯುವ ನೀರಲ್ಲ, ಲ್ಯಾಪ್‌ಟಾಪಿನ ಚಾರ್ಜರ್. ಬ್ಯಾಟರಿ ಮುಕ್ಕಾಲು ತುಂಬಿದ್ದರೂ ಅವರಿಗೆ ಸಮಾಧಾನವಿಲ್ಲ. "ಮೊದ್ಲು ಪವರ್ ಕೊಡಿ, ಮಾತು ಆಮೇಲೆ" ಎಂದು ಪ್ಲಗ್ ಚುಚ್ಚಿ, ತೋಳು ಮಡಿಸಿ, ಕನ್ನಡಕ ಹಣೆಗೇರಿಸಿ ಕೂತ ಮೇಲೆ ಒಂದೇ ಪ್ರಶ್ನೆ: "ಬಯೋಸಿಗೆ ಹೋಗಿದ್ರಾ?" ನಮ್ಮ ಬಳಗದವರು ಧರ್ಮಸ್ಥಳಕ್ಕೆ ಹೋಗಿದ್ದಾರೆ, ತಿರುಪತಿಗೆ ಹೋಗಿದ್ದಾರೆ, ಒಂದಿಬ್ಬರು ಕಾಶಿಗೂ ಹೋಗಿ ಬಂದಿದ್ದಾರೆ. ಕಂಪ್ಯೂಟರಿನ ಬುಡದ ಸೆಟ್ಟಿಂಗುಗಳಿರುವ ಬಯೋಸಿಗೆ ಹೋಗಿ ಬಂದವರು ಭಾವ ಒಬ್ಬರೇ.

ಹೀಗಾಗಿ ಬೆನ್ನ ಹಿಂದೆ ಅವರಿಗೆ ಬಯೋಸ್ ಭಾವ ಎಂಬ ಹೆಸರು ಬಿತ್ತು. ಎದುರಿಗೆ ಕರೆದರೂ ಬೇಜಾರು ಮಾಡಿಕೊಳ್ಳುವವರಲ್ಲ, ಬಿರುದೆಂದೇ ತಿಳಿದಾರು. ಕೆಲಸ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಕಂಪ್ಯೂಟರ್ ವಿದ್ಯೆ ಕಲಿತದ್ದು ತೊಂಬತ್ತರ ದಶಕದಲ್ಲಿ, ಟೈಪಿಂಗ್ ಇನ್‌ಸ್ಟಿಟ್ಯೂಟೊಂದು ರಾತ್ರೋರಾತ್ರಿ ಬೋರ್ಡು ಬದಲಿಸಿ ಕಂಪ್ಯೂಟರ್ ಸೆಂಟರ್ ಆದಾಗ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಮೂರೂ ಸೇರಿ ಒಂದು ಸರ್ಟಿಫಿಕೇಟು. ಆ ಸರ್ಟಿಫಿಕೇಟಿಗೆ ಇವತ್ತೂ ಫ್ರೇಮ್ ಇದೆ.

ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಜಿಪ್ ಪೌಚು ಸದಾ ಇರುತ್ತದೆ. ಅದರೊಳಗೆ ನಕ್ಷತ್ರದ ತುದಿಯ ಸ್ಕ್ರೂಡ್ರೈವರ್, ಅರ್ಧ ಗಟ್ಟಿಯಾದ ಥರ್ಮಲ್ ಪೇಸ್ಟ್, ಮುಚ್ಚಳ ಕಳೆದುಹೋದ ಬೂಟಬಲ್ ಪೆನ್‌ಡ್ರೈವ್, ಸಿಮ್ ತೆಗೆಯುವ ಪಿನ್ನು. ಆ ಪಿನ್ನನ್ನು ಸಿಮ್ ತೆಗೆಯಲು ಬಳಸಿದ್ದನ್ನು ನಾನು ಕಂಡಿಲ್ಲ. ಕೆಲವು ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದಕ್ಕೆ ಪಿನ್ನು ಚುಚ್ಚಿದರೆ ಬಯೋಸಿಗೆ ದಾರಿಯಿರುವ ಮೆನು ಬರುತ್ತದೆ. ಅಂಥ ತೂತಿರುವ ಲ್ಯಾಪ್‌ಟಾಪ್ ಸಿಕ್ಕ ದಿನ ಭಾವ ಊಟಕ್ಕೂ ಏಳುವುದಿಲ್ಲ.

ನಿಮ್ಮ ಬಳಗದಲ್ಲೂ ಇಂಥವರು ಇದ್ದೇ ಇರುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಪ್ರಿಂಟರ್ ಸಂಕಟ ತೋಡಿಕೊಂಡರೆ ಮೊದಲು "ಕಾಲ್ ಮಿ" ಅಂತ ಹಾಕುವವರು ಇವರೇ. ರೋಗ ಯಾವುದೇ ಇರಲಿ, ಬಾಯಲ್ಲಿ ಮೂರು ಮಾತು ಸಿದ್ಧ: ರ‍್ಯಾಮ್ ಸಾಲದು, ಡ್ರೈವರ್ ಪ್ರಾಬ್ಲಮ್ಮು, ಫಾರ್ಮ್ಯಾಟ್ ಹೊಡೆಯೋಣ. ಮೂರನೆಯದು ಅರ್ಧ ಮುಗಿದ ಮೇಲೆ ಒಂದು ಉಪಪ್ರಶ್ನೆ ಬರುತ್ತದೆ: "ಬ್ಯಾಕಪ್ ಇದೆ ತಾನೆ?"

ಆದರೆ ಭಾವನಿಗೆ ಬಯೋಸಿನ ಮೇಲೇ ಇಷ್ಟು ಭಕ್ತಿ ಯಾಕೆ ಎಂಬುದಕ್ಕೆ ಒಂದು ಹಳೆಯ ಗೆಲುವಿನ ಹಿನ್ನೆಲೆಯಿದೆ. 2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂತು. ಅವರ ಕಚೇರಿಗೂ ಹೊಸ ಯಂತ್ರಗಳು ಬಂದವು. ಬಿಲ್ಲಿನ ಹಳೇ ಸಾಫ್ಟ್‌ವೇರ್ ಮಾತ್ರ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡಲೊಲ್ಲದು. ಇಂಥವರಿಗೆಂದೇ ಮೈಕ್ರೋಸಾಫ್ಟ್ ಎಕ್ಸ್‌ಪಿ ಮೋಡ್ ಎಂಬ ಏರ್ಪಾಡು ಕೊಟ್ಟಿತ್ತು: ವಿಂಡೋಸ್ 7ರ ಹೊಟ್ಟೆಯೊಳಗೇ ಇಡೀ ಎಕ್ಸ್‌ಪಿ. ಷರತ್ತು ಒಂದೇ, ಚಿಪ್ಪಿನಲ್ಲಿ ಹಾರ್ಡ್‌ವೇರ್ ವರ್ಚುವಲೈಸೇಷನ್ ಆನ್ ಇರಬೇಕು. ಇರಲಿಲ್ಲ. ನೋಡಲು ಬಂದ ಟೆಕ್ನಿಷಿಯನ್ ಮದರ್‌ಬೋರ್ಡೇ ಬದಲಾಗಬೇಕೆಂದು ಬರೆದುಕೊಟ್ಟು ಹೋದ. ಭಾವ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಎಫ್2 ಒತ್ತಿ, ಮೆನುವಿನ ಮೂಲೆಯಲ್ಲಿ ಡಿಸೇಬಲ್ಡ್ ಅಂತ ಇದ್ದದ್ದನ್ನು ಎನೇಬಲ್ಡ್ ಮಾಡಿದರು. ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಮೂಡಿದವು. ಸಾಹೇಬರು ಖುದ್ದು ಕುರ್ಚಿಯಿಂದೆದ್ದು ಬಂದು ನೋಡಿದರು. 2010ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಆ ಷರತ್ತನ್ನೇ ತೆಗೆದುಹಾಕಿತು. ಈ ಸುದ್ದಿಯನ್ನು ಭಾವನಿಗೆ ಹೇಳುವ ಧೈರ್ಯ ಈತನಕ ಯಾರಿಗೂ ಬಂದಿಲ್ಲ.

ಮೊನ್ನೆ ಭಾನುವಾರ ಬಂದದ್ದೂ ವರ್ಚುವಲೈಸೇಷನ್ ಕೇಸೇ. ನನ್ನ ಮಗ ಇಂಜಿನಿಯರಿಂಗ್ ಓದುತ್ತಾನೆ. ಲ್ಯಾಬಿನ ಕೆಲಸಕ್ಕೆ ವರ್ಚುವಲ್‌ಬಾಕ್ಸಿನಲ್ಲಿ ಉಬುಂಟು ಹಾಕಿಕೊಂಡರೆ, ಸ್ಟಾರ್ಟ್ ಒತ್ತಿದ ಕೂಡಲೇ ವಿಟಿ-ಎಕ್ಸ್ ಲಭ್ಯವಿಲ್ಲ ಎಂಬ ಎರರ್. ವಿಟಿ ಎಂಬ ಎರಡಕ್ಷರ ಫೋನಿನಲ್ಲಿ ಕೇಳಿದ್ದೇ ತಡ, ಕುವೆಂಪುನಗರದಿಂದ ಸರಸ್ವತೀಪುರಕ್ಕೆ ಭಾವ ಬಂದ ವೇಗ ಎಷ್ಟೆಂದರೆ ಹೆಲ್ಮೆಟ್ಟಿನ ಬಕಲ್ಲನ್ನೂ ಹಾಕಿಕೊಂಡಿರಲಿಲ್ಲ.

"ಮಾವ, ಬಯೋಸಲ್ಲಿ ಎನೇಬಲ್ ಆಗೇ ಇದೆ. ಟಾಸ್ಕ್ ಮ್ಯಾನೇಜರಲ್ಲಿ ನೋಡಿದೆ. ಪರ್ಫಾರ್ಮೆನ್ಸ್, ಸಿಪಿಯು, ಕೆಳಗಡೆ ವರ್ಚುವಲೈಸೇಷನ್ ಎನೇಬಲ್ಡ್ ಅಂತಿದೆ" ಎಂದ ಮಗ.

"ಟಾಸ್ಕ್ ಮ್ಯಾನೇಜರ್ ಮಾತು ನಂಬ್ತಾರೇನೋ? ಅವನು ವಿಂಡೋಸ್ ಕಡೆಯೋನು."

ಅಮ್ಮ ಅಳಿಯನಿಗೆಂದು ಕಾಫಿ, ಕೋಡುಬಳೆ ತಂದಿಟ್ಟಳು. ಕೋಡುಬಳೆ ಕಡಿಯುತ್ತಲೇ ಭಾಷಣ ಶುರುವಾಯಿತು. ಭಾವ ಬರೀ ಬುರುಡೆ ಎಂದುಕೊಳ್ಳಬೇಡಿ, ಓದಿಕೊಂಡಿದ್ದಾರೆ. ಒಂದೇ ಯಂತ್ರವನ್ನು ಹಲವು ಯಂತ್ರಗಳೆಂದು ನಂಬಿಸುವ ವಿದ್ಯೆಯನ್ನು ಐಬಿಎಂ 1972ರಲ್ಲೇ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತ್ತಂತೆ. ನಮ್ಮ ಪಿಸಿಗಳ ಚಿಪ್ಪಿಗೆ ಆ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. 1999ರಲ್ಲಿ ವಿಎಂವೇರ್ ಚಿಪ್ಪಿನ ಸಹಾಯವಿಲ್ಲದೆ ಬರೀ ಸಾಫ್ಟ್‌ವೇರ್ ಕಸರತ್ತಿನಿಂದ ಅದನ್ನು ಮಾಡಿ ತೋರಿಸಿತು. 2005ರ ನವೆಂಬರಿನಲ್ಲಿ ಇಂಟೆಲ್ ಎರಡು ಪೆಂಟಿಯಂ 4 ಮಾದರಿಗಳಲ್ಲಿ ವಿಟಿ ಕೂರಿಸಿತು, ಮರುವರ್ಷ ಎಎಂಡಿ ತನ್ನದನ್ನು. "ಅವ್ರು ಕೊಟ್ರು, ಆದ್ರೆ ಬಯೋಸ್ ಬರೆಯೋರು ಆಫ್ ಮಾಡಿ ಇಟ್ರು. ಅಲ್ಲೇ ಇರೋದು ಗುಟ್ಟು" ಎಂದು ಭಾವ ಬೆರಳು ನೆಕ್ಕಿ, ಅದೇ ಬೆರಳನ್ನು ಎಫ್2ರ ಮೇಲಿಟ್ಟರು.

ಅದಕ್ಕೂ ಮುಂಚೆ ಶಟ್‌ಡೌನ್ ಆಗಬೇಕು. "ರೀಸ್ಟಾರ್ಟ್ ಬೇರೆ, ಶಟ್‌ಡೌನ್ ಬೇರೆ" ಎಂದು ಆರಿಸಿ, ಮೂವತ್ತು ಸೆಕೆಂಡು ಬಾಯಿಬಿಟ್ಟು ಎಣಿಸುತ್ತಾರೆ. ಎರಡೂ ಬೇರೆ ಎಂಬುದು ನಿಜ, ಆದರೆ ಭಾವ ತಿಳಿದದ್ದಕ್ಕೆ ತಿರುಗಾಮುರುಗಾ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದೊಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ಸಿಸ್ಟಮ್ಮಿನ ತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು, ಮರುದಿನ ಅಲ್ಲಿಂದಲೇ ಎದ್ದುಬರುತ್ತದೆ. ಎಲ್ಲವೂ ಮೊದಲಿಂದ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗಲೇ.

ಎಫ್2, ಡಿಲೀಟ್, ಎಸ್ಕೇಪ್, ಎಫ್10, ಯಾವುದು ಹತ್ತುತ್ತದೋ ಎಂದು ಎಲ್ಲವನ್ನೂ ಸರದಿಯಲ್ಲಿ ಕುಟ್ಟಿದ ಮೇಲೆ ಬಯೋಸ್ ಬಂತು. ಭಾವನ ಮುಖ ಬೆಳಗಿತು. ಈ ಲೋಕದಲ್ಲಿ ಒಂದೊಂದು ಕಂಪನಿಯದು ಒಂದೊಂದು ಭಾಷೆ. ವಿಟಿ ಎಂಬುದು ಒಂದರಲ್ಲಿ ಅಡ್ವಾನ್ಸ್ಡ್ ಕೆಳಗೆ, ಇನ್ನೊಂದರಲ್ಲಿ ಸೆಕ್ಯುರಿಟಿ ಕೆಳಗೆ, ಮತ್ತೊಂದರಲ್ಲಿ ಕಾನ್ಫಿಗರೇಷನ್ ಕೆಳಗೆ ಅಡಗಿರುತ್ತದೆ. ಎಎಂಡಿ ಚಿಪ್ಪಾದರೆ ಎಸ್‌ವಿಎಂ ಎಂದು ಹೆಸರು ಮರೆಸಿಕೊಂಡಿರುತ್ತದೆ. ಭಾವ ಹುಡುಕಿದರು. ಸಿಕ್ಕಿತು. ಎನೇಬಲ್ಡ್ ಅಂತಲೇ ಇತ್ತು.

ಮುಖ ಸಣ್ಣದಾಯಿತು. ಬಂದ ದಾರಿಗೆ ಸುಂಕವಿಲ್ಲ ಅಂತ ಎದ್ದು ಹೋಗುವ ಪೈಕಿ ಅವರಲ್ಲ. "ಇದು ಎನೇಬಲ್ ಆದಂಗೆ ನಟಿಸ್ತಾ ಇದೆ" ಎಂದು ಡಿಸೇಬಲ್ ಮಾಡಿದರು, ಮತ್ತೆ ಎನೇಬಲ್ ಮಾಡಿದರು. ಮಗ "ಮಾವ, ಬೇಡ" ಎನ್ನುವಷ್ಟರಲ್ಲಿ ಎಫ್9 ಒತ್ತಿ ಇದ್ದಬದ್ದ ಸೆಟ್ಟಿಂಗನ್ನೆಲ್ಲ ಡೀಫಾಲ್ಟಿಗೆ ತಂದರು. ಎಫ್10 ಒತ್ತಿದರು. ಅದು ಒಳಗಿಳಿಯಲಿಲ್ಲ, ಅಡಿಯಲ್ಲಿ ಕೋಡುಬಳೆಯ ಪುಡಿ ಸಿಕ್ಕಿಕೊಂಡಿತ್ತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಪೌಚಿನಿಂದ ಸಿಮ್ ಪಿನ್ನು ಬಂತು, ಪುಡಿ ಎಗರಿತು, ಎಫ್10 ಒಳಗಿಳಿಯಿತು.

ಪರದೆ ನೀಲಿಯಾಯಿತು. ಬಿಟ್‌ಲಾಕರ್. ಯಂತ್ರದ ಬುಡಕ್ಕೇ ಯಾರೋ ಕೈಹಾಕಿದ್ದಾರೆ, ಇವರು ಮಾಲೀಕರೋ ಕಳ್ಳರೋ ಗೊತ್ತಿಲ್ಲ, 48 ಅಂಕಿಯ ರಿಕವರಿ ಕೀ ಕೊಟ್ಟರೆ ಮಾತ್ರ ಬಾಗಿಲು ತೆಗೆಯುತ್ತೇನೆ ಎಂಬುದು ಅದರ ಸಾರಾಂಶ.

ಕೋಣೆ ನಿಶ್ಶಬ್ದವಾಯಿತು. ಭಾವ "ಇದು ನಾರ್ಮಲ್" ಎಂದರು. ಡಾಕ್ಟರು, ಪೈಲಟ್ಟು, ಭಾವ, ಈ ಮೂವರ ಬಾಯಲ್ಲಿ ಆ ಪದ ಕೇಳಬಾರದು.

ಕೀ ಎಲ್ಲಿದೆ? ಲ್ಯಾಪ್‌ಟಾಪ್ ಕೊಂಡಾಗ ಯಾರ ಮೈಕ್ರೋಸಾಫ್ಟ್ ಅಕೌಂಟಿನಿಂದ ಮೊದಲ ಲಾಗಿನ್ ಆಗಿತ್ತೋ ಅಲ್ಲಿ. ಅದು ಅಪ್ಪನದು, ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುವ ಶಿಸ್ತು ಮನೆಯಲ್ಲಿ ಅವರೊಬ್ಬರಿಗೇ. ಬ್ಯಾಂಕಿನಲ್ಲಿ ಹೆಡ್ ಕ್ಯಾಶಿಯರ್ ಆಗಿ ರಿಟೈರಾದವರು. ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಫೋನು, ಡೈರಿ ಎರಡನ್ನೂ ಕೈಗೆ ಕೊಟ್ಟೆವು. ಒಟಿಪಿ ಬಂತು, ಕೀ ತೆರೆಯಿತು: ಆರಾರು ಅಂಕಿಯ ಎಂಟು ಗುಂಪು.

"ಮಾವ, ನಿಧಾನಕ್ಕೆ ಓದಿ" ಎಂದು ಭಾವ ಕೀಬೋರ್ಡಿಗೆ ಕೂತರು. ಸುಮ್ಮನೆ ಕೂರಲಾರದೆ ತಮಗೆ ಗೊತ್ತಿದ್ದ ಇನ್ನೊಂದು ವಿಷಯವನ್ನೂ ಹೇಳಿಬಿಟ್ಟರು: ಈ ಎಂಟು ಗುಂಪುಗಳೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳು, ಹೊಡೆಯುವಾಗ ತಪ್ಪಾದರೆ ಹಿಡಿಯಲಿ ಅಂತ ಹಾಗೆ ಮಾಡಿದ್ದಾರೆ. ಅದು ನಿಜ. ಹೇಳಬಾರದಿತ್ತು. ಅಪ್ಪನ ನಿದ್ದೆ ಪೂರ್ತಿ ಹಾರಿತು. "ಹೌದಾ? ಹಾಗಾದ್ರೆ ನೀವು ಹೊಡೆದದ್ದನ್ನ ಒಂದೊಂದು ಗುಂಪೂ ವಾಪಸ್ ಓದ್ಬೇಕು, ನಾನು ಟ್ಯಾಲಿ ಮಾಡ್ತೀನಿ" ಎಂದು ಪೆನ್ನು ತೆಗೆದರು.

ನಾಲ್ಕನೇ ಗುಂಪಿನಲ್ಲಿ ಅಳಿಯ ಸಿಕ್ಕಿಬಿದ್ದ.

"ನಾಲ್ಕು ಸೊನ್ನೆ ಏಳು ಮೂರು ಎರಡು ಐದು" ಎಂದು ಓದಿದರು ಭಾವ.

ಅಪ್ಪ ಕಣ್ಣು ಮುಚ್ಚಿದರು. "ಒಂದು ಬಿಟ್ಟು ಒಂದು ಕೂಡಿ. ನಾಲ್ಕು, ಏಳು, ಎರಡು, ಹದಿಮೂರು. ಸೊನ್ನೆ, ಮೂರು, ಐದು, ಎಂಟು. ಕಳೆದ್ರೆ ಐದು. ಹನ್ನೊಂದಕ್ಕೆ ಹೋಗಲ್ಲ. ಅಳಿಯಂದ್ರೇ, ನಾನು ಕೊನೇಲಿ ಐದು ಎರಡು ಅಂದೆ, ನೀವು ಎರಡು ಐದು ಹೊಡೆದಿದ್ದೀರಿ."

"ಕೀಬೋರ್ಡ್ ಪ್ರಾಬ್ಲಮ್ಮು ಮಾವ."

"407352. ಹದಿನಾರರಲ್ಲಿ ಐದು ಹೋದ್ರೆ ಹನ್ನೊಂದು. ಈಗ ಸರಿ. ಮುಂದಿನದು."

ಮದುವೆಯಾದಾಗಿನಿಂದ ಅಪ್ಪ ಅಳಿಯನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು ಎಂದು ಅಕ್ಕ ಆಮೇಲೆ ಹೇಳಿದಳು.

ವಿಂಡೋಸ್ ತೆರೆಯಿತು. ಭಾವ ಕೈತೊಳೆಯಲು ಎದ್ದರು. ಮಗ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಕೊನೆಯ ಸಾಲು ತೋರಿಸಿದ: ಹೈಪರ್‌ವೈಸರ್ ಒಂದು ಈಗಾಗಲೇ ಪತ್ತೆಯಾಗಿದೆ. ಸಂಗತಿ ಇಷ್ಟೆ. ಚಿಪ್ಪಿನ ಮಹಡಿ ಮನೆ ಖಾಲಿ ಇರಲಿಲ್ಲ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ವ್ಯವಸ್ಥೆ ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಅದು ಅದೇ ವಿಟಿಯನ್ನು ಮೊದಲೇ ಭೋಗ್ಯಕ್ಕೆ ಹಾಕಿಸಿಕೊಂಡು ಕೂತಿರುತ್ತದೆ. ಆಮೇಲೆ ಗಂಟುಮೂಟೆ ಹೊತ್ತು ಬಂದ ವರ್ಚುವಲ್‌ಬಾಕ್ಸಿಗೆ ಬಾಗಿಲು ತೆರೆಯುವುದಿಲ್ಲ, ಅದು ಬೀದಿಯಲ್ಲಿ ನಿಂತು ಈ ಊರಲ್ಲಿ ಮನೆಯೇ ಇಲ್ಲ ಎಂದು ಕೂಗುತ್ತದೆ. ನಾವು ಮನೆ ಕಟ್ಟಿದ್ದಾರೋ ಇಲ್ಲವೋ ನೋಡಲು ಪಾಯ ಅಗೆದಿದ್ದೆವು.

ದಾರಿ ಎರಡು. ಕಾವಲನ್ನು ಬಿಡಿಸಿದರೆ ಉಬುಂಟು ಪೂರ್ತಿ ವೇಗದಲ್ಲಿ ಓಡುತ್ತದೆ, ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಪೆನ್ಷನ್ ಅಕೌಂಟೂ ಇದೆ. ನನ್ನ ಕೇಳಿದರೆ ಕಾವಲು ಇರಲಿ. ಮಗನೂ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಎಂಬುದಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಕೊಟ್ಟ. ಅದರಿಂದ ಇಬ್ಬರೂ ಹೊಂದಿಕೊಂಡು ಇರಬಹುದು, ಕೆಲಸ ನಿಧಾನ. ಉಬುಂಟು ತೆವಳುತ್ತ ಎದ್ದಿತು. ಹೀಗೆ ನಿಧಾನಗತಿಯಲ್ಲಿ ಓಡುವಾಗ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಪಟ್ಟಿಯಲ್ಲಿ ಒಂದು ಪುಟ್ಟ ಹಸಿರು ಆಮೆ ಬಂದು ಕೂರುತ್ತದೆ.

ಟವಲ್ಲಿನಲ್ಲಿ ಕೈ ಒರೆಸುತ್ತ ಬಂದ ಭಾವ ಪರದೆ ನೋಡಿದರು. "ನೋಡಿದ್ಯೇನೋ? ಡೀಫಾಲ್ಟ್ ಲೋಡ್ ಮಾಡಿದ್ದು ಈಗ ಹತ್ಕೊಂಡ್ತು. ಬಯೋಸು ಸ್ವಲ್ಪ ಟೈಮ್ ತಗೊಳತ್ತೆ." ಮಗ ನನ್ನ ಮುಖ ನೋಡಿದ, ನಾನು ಕೋಡುಬಳೆ ತಟ್ಟೆ ನೋಡಿದೆ.

ಲೋಟ ಎತ್ತಿಕೊಳ್ಳಲು ಬಂದ ಅಮ್ಮ ಬಗ್ಗಿ ಕಣ್ಣು ಕಿರಿದು ಮಾಡಿದಳು. "ಅಯ್ಯೋ, ಆಮೆ ಕೂರಿಸಿದ್ದೀರಾ? ಒಳ್ಳೇದಾಯ್ತು ಬಿಡಿ. ಯಾವ ದಿಕ್ಕಿಗಿದೆ?"

"ಉತ್ತರಕ್ಕೇ ಅತ್ತೆ" ಎಂದರು ಭಾವ, ಲ್ಯಾಪ್‌ಟಾಪನ್ನು ಮೆಲ್ಲಗೆ ಆ ಕಡೆ ತಿರುಗಿಸುತ್ತ.