ಅಥ ಧಾರಾವಾಹಿ ದೋಷಾದೋಷ ನಿರ್ಣಯ: ಕಾಗಿಣಾ ತೀರದ ಬೈಗುಳಗಳನ್ನು ಕುರಿತು ಒಂದು ಪ್ರಬಂಧ

ಧಾರಾವಾಹಿ ಮಾಡುವವರಿಗೂ ನೋಡುವವರಿಗೂ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ದಿನಾ ನಡೆಯುವ ಕಾಳಗವನ್ನು ನಮ್ಮ ಪಂಡಿತರು ಅಗ್ಗದ ಡೇಟಾ ತಂದಿಟ್ಟ ಹೊಸ ಪೀಡೆ ಎಂದು ಬಗೆದು ಸುಮ್ಮನಾಗಿದ್ದಾರೆ. ಪ್ರಸ್ತುತ ಪ್ರಬಂಧವು ಈ ಮತವನ್ನು ಖಂಡಿಸುತ್ತದೆ. ನಮ್ಮ ಸಿದ್ಧಾಂತ ಇಷ್ಟೇ: ಈ ಕಾಳಗದ ಶಾಸ್ತ್ರ ಸುಮಾರು 850ರ ಹೊತ್ತಿಗೇ ಸಿದ್ಧವಾಗಿತ್ತು, ಸಿದ್ಧವಾದದ್ದು ಇಂದಿನ ಸೇಡಂ ತಾಲೂಕಿನಲ್ಲಿ, ಆದ್ದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವೀಕ್ಷಕರು ಧಾರಾವಾಹಿಯನ್ನು ಬಯ್ಯುವಾಗ ಮಾಡುತ್ತಿರುವುದು ಟ್ರೋಲ್ ಅಲ್ಲ, ಪರಂಪರೆಯಿಂದ ಬಂದ ವೃತ್ತಿ. ಇದು ತಿಳಿಯದ ಬೆಂಗಳೂರಿನ ಕಥಾ ವಿಭಾಗದವರು ವಿಮರ್ಶೆಯನ್ನು ವೈರವೆಂದು ಭ್ರಮಿಸಿ ನಡುರಾತ್ರಿ ಉದ್ದುದ್ದ ಸ್ಪಷ್ಟನೆ ಬರೆಯುತ್ತಾರೆ.

ಪ್ರಮಾಣಗಳನ್ನು ನೋಡೋಣ. ಕಾಗಿಣಾ ದಡದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ಉಳಿದುಬಂದ ಮೊದಲ ಗ್ರಂಥ. ಅದು ಕಥೆಯಲ್ಲ, ಪುರಾಣವಲ್ಲ, ವಿಮರ್ಶೆ ಎಂಬುದನ್ನು ಸಹೃದಯರು ಗಮನಿಸಬೇಕು. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ವಿಷಯವೇ ದೋಷ. ಅಲಂಕಾರಗಳ ಸರದಿ ಆಮೇಲೆ. ಮೊದಲು ತಪ್ಪು ಹುಡುಕು, ಹೊಗಳುವುದೇನಾದರೂ ಉಳಿದರೆ ಕೊನೆಗೆ ನೋಡೋಣ ಎಂಬ ಈ ಕ್ರಮವನ್ನು ನಮ್ಮ ವೀಕ್ಷಕರು ಇಂದಿಗೂ ಮೀರಿಲ್ಲ. ಈ ನಾಡಿನವರು ಕುಳಿತು ಓದದೆಯೂ ಕಾವ್ಯದಲ್ಲಿ ಪಳಗಿದವರು, ತಂತಮ್ಮ ಮಾತಿನಲ್ಲಿ ಎಲ್ಲರೂ ಜಾಣರೇ ಎಂದು ಶ್ರೀವಿಜಯ ಒಪ್ಪುತ್ತಾನೆ. ಜಾಣರಲ್ಲದ ಹಟಮಾರಿಗಳೂ ಅರಿತವರಂತೆ ನಟಿಸುತ್ತ, ಎಲ್ಲೋ ಇರುವ ಚೂರು ತಪ್ಪನ್ನೇ ಬಿಗಿಹಿಡಿದು ಕೃತಿಯನ್ನು ಹಳಿಯುತ್ತಾರೆ ಎಂದೂ ಎಚ್ಚರಿಸುತ್ತಾನೆ. ಟ್ರೋಲ್ ಪೇಜಿನ ಲಕ್ಷಣವನ್ನು ಇದಕ್ಕಿಂತ ಚೊಕ್ಕವಾಗಿ ಆಮೇಲೆ ಯಾರೂ ಬರೆದಂತಿಲ್ಲ. ಆದರೆ ನಿರ್ದೇಶಕರು ಇದನ್ನು ಸ್ಕ್ರೀನ್‌ಶಾಟ್ ತೆಗೆದು ಹಂಚುವ ಮುನ್ನ ಅದೇ ಗ್ರಂಥದ ಇನ್ನೊಂದು ಮಾತನ್ನೂ ಓದಬೇಕು: ಕಣ್ಣು ತನ್ನ ಕಾಡಿಗೆಯನ್ನು ತಾನೇ ಕಾಣದು, ಬರೆದವನು ತನ್ನ ದೋಷವನ್ನು ಕಾಣನು, ಆದ್ದರಿಂದ ಪರರಿಂದ ಓದಿಸಬೇಕು.

ಇನ್ನು ದೋಷಗಳ ಅನ್ವಯ. ಶ್ರೀವಿಜಯನಿಗೆ ಆಧಾರವಾದ ದಂಡಿಯ ‘ಕಾವ್ಯಾದರ್ಶ’ ಹತ್ತು ದೋಷಗಳನ್ನು ಎಣಿಸುತ್ತದೆ. ಹೇಳಿದ್ದನ್ನೇ ಹೇಳುವುದು ಏಕಾರ್ಥ. ಅತ್ತೆ ಕೊಟ್ಟ ಒಂದೇ ಕಪಾಳಮೋಕ್ಷವನ್ನು ಮೂರು ಕೋನದಿಂದ, ಮೂರು ಗುಡುಗಿನೊಂದಿಗೆ ತೋರಿಸುವುದು ಇದರ ಉದಾಹರಣೆ. ನಿಲ್ಲಬಾರದ ಕಡೆ ನಿಲ್ಲುವುದು ಯತಿಭ್ರಷ್ಟ. ಮಗುವಿನ ತಂದೆಯ ಹೆಸರು ನಾಲಿಗೆಯ ತುದಿಗೆ ಬಂದಾಗ ಸಾಬೂನಿನ ಜಾಹೀರಾತು ಬರುವುದು ಇದೇ. ಸಂಶಯ ಹುಟ್ಟಿಸುವುದೂ ದೋಷವೇ, ಆದರೆ ಬೇಕೆಂದೇ ಹುಟ್ಟಿಸಿದ್ದಾದರೆ ಅಲ್ಲ ಎಂದು ದಂಡಿ ರಿಯಾಯಿತಿ ಕೊಟ್ಟಿದ್ದಾನೆ. ವಾಹಿನಿಗಳು ಬದುಕಿರುವುದೇ ಈ ರಿಯಾಯಿತಿಯ ಮೇಲೆ. ಹತ್ತನೆಯದು ದೇಶ, ಕಾಲ, ಲೋಕ, ನ್ಯಾಯ ಮೊದಲಾದವುಗಳಿಗೆ ವಿರೋಧ. ಇದರ ವಿಚಾರಣೆಗೆ ನಮ್ಮ ಐದೂರುಗಳಿಗಿಂತ ಯೋಗ್ಯ ಪೀಠವಿಲ್ಲ. ಕೋಟ್ಯಧಿಪತಿ ಉದ್ಯಮಿ ವರ್ಷವಿಡೀ ಮನೆಯ ಹಾಲ್‌ನಲ್ಲೇ ನಿಂತು ಕಣ್ಣೀರಿಡುವುದನ್ನು ಸಿಮೆಂಟ್ ಕಾರ್ಖಾನೆಯ ಮೂರು ಪಾಳಿ ಬಲ್ಲ ವಾಡಿ ಒಪ್ಪುವುದಿಲ್ಲ. ಬಿದ್ದು ನೆನಪು ಕಳೆದುಕೊಂಡ ನಾಯಕಿ ಇನ್ನೊಮ್ಮೆ ಬಿದ್ದು ನೆನಪು ಪಡೆಯುವುದನ್ನು ಶಹಾಬಾದ್ ಒಪ್ಪುವುದಿಲ್ಲ. ಅಲ್ಲಿಯ ಫರಸಿಯ ಮೇಲೆ ಬಿದ್ದವರಿಗೆ ಹೋಗುವುದು ಹಲ್ಲು, ಎರಡನೇ ಸಲ ಬಿದ್ದರೂ ಅದು ಮರಳುವುದಿಲ್ಲ. ಕಲರ್ಸ್ ಕನ್ನಡದ ‘ಪುಟ್ಟಗೌರಿ ಮದುವೆ’ಯಲ್ಲಿ ಗೌರಿ ಪ್ರಪಾತಕ್ಕೆ ಬಿದ್ದು ಕಾಡಿನಲ್ಲಿ ಬದುಕುಳಿದಾಗ ನಾಡಿಗೆ ನಾಡೇ ಮೀಮ್ ಮಾಡಿ ನಕ್ಕಿತು. ವನ್ಯಜೀವಿ ಧಾಮದ ಅಂಚಿನಲ್ಲೇ ಬದುಕುವ ಚಿಂಚೋಳಿಯವರು ನಕ್ಕಿದ್ದರೆ ಅದನ್ನು ಲೋಕವಿರೋಧ ದೋಷಕ್ಕೆ ಅಧಿಕೃತ ಸಾಕ್ಷ್ಯವೆಂದೇ ದಾಖಲಿಸಿಕೊಳ್ಳಬೇಕು.

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ. ‘ಇಷ್ಟವಿಲ್ಲದಿದ್ದರೆ ನೋಡಬೇಡಿ, ರಿಮೋಟ್ ನಿಮ್ಮ ಕೈಯಲ್ಲೇ ಇದೆ’ ಎಂಬುದು ಅವರ ಬ್ರಹ್ಮಾಸ್ತ್ರ. ಈ ವಾದ ನಿಲ್ಲದು. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ ವಾರದ ಅಂಕಿ ಹೊರಬೀಳುವ ಗುರುವಾರದಂದು ಯಾವ ವಾಹಿನಿಯೂ ಯಾವ ವೀಕ್ಷಕನಿಗೂ ‘ನೋಡಬೇಡ’ ಎಂದ ದಾಖಲೆಯಿಲ್ಲ. ಬೈಯುತ್ತ ನೋಡಿದವನೂ ಮೆಚ್ಚಿ ನೋಡಿದವನೂ ಮೀಟರಿಗೆ ಒಂದೇ. ಮೇಲಾಗಿ ಅಭಿಮಾನಿಗಳು ನಿಜಕ್ಕೂ ‘ನೋಡುವುದಿಲ್ಲ’ ಎಂದಾಗ ಆಗುವುದೇನೆಂಬುದಕ್ಕೆ 2022ರ ಆಗಸ್ಟ್ ಸಾಕ್ಷಿ. ಜೀ ಕನ್ನಡದ ‘ಜೊತೆ ಜೊತೆಯಲಿ’ಯ ನಾಯಕ ಅನಿರುದ್ಧ್ ಅವರಿಗೂ ನಿರ್ಮಾಣ ತಂಡಕ್ಕೂ ಮನಸ್ತಾಪವಾಗಿ, ಅವರು ಧಾರಾವಾಹಿಯಿಂದ ಹೊರಗಾದರು. ಅವರಿಲ್ಲದ ಧಾರಾವಾಹಿ ಬೇಡವೆಂದು ಅಭಿಮಾನಿಗಳು ಜಾಲತಾಣದಲ್ಲಿ ಅಭಿಯಾನ ಹೂಡಿದರು. ಆ ಜಾಗಕ್ಕೆ ಹರೀಶ್ ರಾಜ್ ಬಂದರು, ಧಾರಾವಾಹಿ 2023ಕ್ಕೂ ಕಾಲಿಟ್ಟಿತು. ನೋಡಿದರೆ ಬೈಯಬಾರದು, ನೋಡದಿದ್ದರೆ ಲೆಕ್ಕಕ್ಕೇ ಇಲ್ಲ ಎನ್ನುವುದಾದರೆ ಅಭಿಮಾನಿಗೆ ಉಳಿಯುವ ಕರ್ತವ್ಯವೆಂದರೆ ರೀಚಾರ್ಜ್ ಮಾತ್ರ.

‘ಹಾಗಾದರೆ ಸೃಷ್ಟಿಕರ್ತನ ನೋವಿಗೆ ಬೆಲೆಯಿಲ್ಲವೇ?’ ಎಂಬುದು ಎರಡನೆಯ ಆಕ್ಷೇಪ. ಇದೆ, ಅದಕ್ಕೂ ಮಳಖೇಡದಲ್ಲೇ ಪೂರ್ವಪ್ರಮಾಣವಿದೆ. ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತನೆಂಬ ಅಪಭ್ರಂಶ ಕವಿ ದುರ್ಜನರ ಕಾಟಕ್ಕೆ ಬೇಸತ್ತು ಈ ಊರಿಗೆ ಬಂದ. ಅವನ ಬಿರುದು ‘ಅಭಿಮಾನಮೇರು’. ಇಂದಿದ್ದರೆ ಪ್ರೊಫೈಲಿನಲ್ಲಿ ಹಾಕಿಕೊಳ್ಳುತ್ತಿದ್ದ. ಇನ್ನು ಬರೆಯುವುದೇ ಬೇಡವೆಂದು ಮುನಿಸಿಕೊಂಡಿದ್ದವನನ್ನು ಮಂತ್ರಿ ಭರತ ಒಲಿಸಿ, ಆಶ್ರಯ ಕೊಟ್ಟು ಬರೆಸಿದ. 959ರಲ್ಲಿ ಶುರುವಾದ ‘ಮಹಾಪುರಾಣ’ 965ರಲ್ಲಿ ಮುಗಿಯಿತು. ಖಂಡನೆಯಿಂದ ನೊಂದ ಕವಿಗೆ ಬೇಕಾದದ್ದು ಟೀಕಾಕಾರರ ಬಾಯಿಮುಚ್ಚಿಸುವ ವಕೀಲನಲ್ಲ, ಒಳ್ಳೆಯ ನಿರ್ಮಾಪಕ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು. ಖಳನಾಯಕಿಯ ಪಾತ್ರ ಮಾಡಿದ ಹೆಣ್ಣುಮಗಳ ರೂಪ, ನಡತೆ, ಮನೆಮಂದಿಯನ್ನು ಹೊಲಸು ಮಾತಿನಲ್ಲಿ ಹಳಿಯುವುದು ಯಾವ ಶಾಸ್ತ್ರ? ಯಾವುದೂ ಅಲ್ಲ. ಇದರ ತೀರ್ಪು ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ತೀರದ ಸನ್ನತಿಯಲ್ಲಿ, ಕಲ್ಲಿನ ಮೇಲೆಯೇ ಇದೆ. 1980ರ ದಶಕದಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯ ಬಂಡೆ ಶಾಸನದ ಭಾಗವೂ ಸೇರಿದೆ. ನಾಲಿಗೆಯನ್ನು ಹಿಡಿತದಲ್ಲಿಡಿ, ನಿಮ್ಮ ಪಂಥವನ್ನು ಮೆರೆಸಲು ಪರಪಂಥವನ್ನು ಹಳಿಯಬೇಡಿ ಎಂಬುದು ಆ ಶಾಸನದ ಸಾರ. ಬಿಗ್ ಬಾಸ್ ಸ್ಪರ್ಧಿಗಳ ಅಭಿಮಾನಿ ಬಳಗಗಳನ್ನು ಕಂಡಿದ್ದರೆ ದೇವಾನಾಂಪ್ರಿಯನು ಇನ್ನೊಂದು ಬಂಡೆಯನ್ನೇ ಕೆತ್ತಿಸುತ್ತಿದ್ದ. ಶಾಸನ ಸಿಕ್ಕ ಸ್ಥಿತಿಯೂ ಬೋಧಪ್ರದ: ಮುಂದಿನ ಕಾಲದವರು ಅದಕ್ಕೆ ರಂಧ್ರ ಕೊರೆದು ವಿಗ್ರಹದ ಪೀಠವಾಗಿ ಬಳಸಿದ್ದರು. ಮಾತಿನ ಸಂಯಮದ ಮೇಲೆ ಆರಾಧ್ಯಮೂರ್ತಿಯನ್ನು ನಿಲ್ಲಿಸಿದರೆ ಅಕ್ಷರ ಕಾಣುವುದಿಲ್ಲ ಎಂಬ ಪಾಠವನ್ನು ಅಭಿಮಾನಿ ಸಂಘಗಳು ಇದರಿಂದ ಕಲಿಯಬಹುದು. ಹೀಗೆ ಕೃತಿಯ ದೋಷ ಹೇಳುವುದು ಮಳಖೇಡದ ಹಕ್ಕು, ಕಲಾವಿದೆಯನ್ನು ಹಳಿಯದಿರುವುದು ಸನ್ನತಿಯ ಕಟ್ಟಳೆ. ಎರಡೂ ಒಂದೇ ಜಿಲ್ಲೆಯವು.

ಕೊನೆಯದಾಗಿ ನಮ್ಮ ವೀಕ್ಷಕರ ಈ ಕೋಪದ ಮೂಲ. ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡು ಎಂದಿತು. ಆದರೆ ತಿರುಳ್ಗನ್ನಡವನ್ನು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವೆ ಗುರುತಿಸಿತು. ಗ್ರಂಥ ಹುಟ್ಟಿದ ರಾಜಧಾನಿಯೇ ತಿರುಳಿನಿಂದ ಆಚೆ ಉಳಿಯಿತು. ಈಗ ತಿರುಳು ಬೆಂಗಳೂರಿನ ಸ್ಟುಡಿಯೋಗಳಿಗೆ ಸರಿದಿದೆ, ಸೇಡಂ ಇದ್ದಲ್ಲೇ ಇದೆ. ಉತ್ತರದ ಮಾತಿನ ಧಾರಾವಾಹಿ ಬಂದೇ ಇಲ್ಲವೆಂದಲ್ಲ, ‘ಗಿಣಿರಾಮ’ ಬಂದಿತ್ತು. ಆದರೆ ಧಾರಾವಾಹಿ ಲೋಕಕ್ಕೆ ಬೀದರಿನಿಂದ ಬೆಳಗಾವಿವರೆಗೆ ಒಂದೇ ಉತ್ತರ ಕರ್ನಾಟಕ. ದೇಸಿಗಳು ಬೇರೆಬೇರೆ ಇರುವುದರಿಂದ ಸರ್ಪರಾಜ ವಾಸುಕಿಯೂ ಅರಿಯಲಾರದೆ ಬೇಸರಗೊಳ್ಳುವನೆಂದ ಶ್ರೀವಿಜಯನ ಎಚ್ಚರಿಕೆ ಸಂಭಾಷಣೆಕಾರರನ್ನು ತಲುಪಿಲ್ಲ. ಅದು ತಲುಪಿದ್ದು ವೀಕ್ಷಕರನ್ನು. ‘ಖರೇ ಹೇಳ್ರಿ, ಏನ್ ತೋರ್ಸ್ಲತ್ತೀರಿ ನೀವು? ನಮಗೇನ್ ಬ್ಯಾರೆ ಕೆಲ್ಸ ಇಲ್ಲೇನು?’ ಎಂಬ ಧಾಟಿಯಲ್ಲಿ ಅವರು ಬರೆಯುವ ಖಂಡನೆಯಲ್ಲಿ ದೇಶವಿರೋಧವಿಲ್ಲ, ಪುನರುಕ್ತಿಯಿಲ್ಲ, ಜಾಹೀರಾತಿನ ಯತಿಭಂಗವಿಲ್ಲ. ಸಂಚಿಕೆಯೊಳಗೆ ಜಾಗ ಸಿಗದ ಕಲಬುರಗಿ ಸೀಮೆಯ ಕನ್ನಡಕ್ಕೆ ಸಂಚಿಕೆಯ ಕೆಳಗೆ ಜಾಗ ಸಿಕ್ಕಿದೆ. ಆದ್ದರಿಂದ ನಮ್ಮ ನಿರ್ಣಯ: ಸನ್ನತಿಯ ಕಟ್ಟಳೆ ಮೀರದ ಪ್ರತಿಯೊಬ್ಬ ಟೀಕಾಕಾರನ ಹೆಸರನ್ನೂ ಸಹಲೇಖಕನೆಂದು ಟೈಟಲ್ ಕಾರ್ಡಿನಲ್ಲಿ ತೋರಿಸತಕ್ಕದ್ದು. ಬೇಸತ್ತ ನಿರ್ದೇಶಕರು ಪ್ರತಿಕ್ರಿಯೆಗಳಿಗೆ ಬಾಗಿಲು ಹಾಕಿದರೆ ನಿಲ್ಲುವುದು ಬೈಗುಳವಲ್ಲ, ಆ ಸೀಮೆಯ ಕನ್ನಡದಲ್ಲಿ ಬಿಡುವಿಲ್ಲದೆ ನಡೆಯುತ್ತಿರುವ ಏಕೈಕ ಧಾರಾವಾಹಿ.