ಸೀಜನ್ ಮುಗಿದ ಮೇಲೆ ಬರುವ ಸಾವ್ಕಾರ್ರು

ಡಿಸೆಂಬರಿನಲ್ಲಿ ಏರ್‌ಕೂಲರ್ ಕೊಳ್ಳುವವರು ಬಳ್ಳಾರಿಯಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಉಳಿದ ಜನ ಶಿವರಾತ್ರಿ ಕಳೆದು, ಫ್ಯಾನಿನ ಗಾಳಿಯೂ ಬಿಸಿಯಾಗತೊಡಗಿದ ಮೇಲೆ ಅಂಗಡಿಗೆ ಓಡಿ, ಹೇಳಿದ ರೇಟು ಕೊಟ್ಟು ಕೂಲರ್ ಹೊತ್ತು ತರುತ್ತಾರೆ. ಇವರು ಮಾತ್ರ ಮಂಕಿ ಟೋಪಿ ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತಾ ಹೋಗಿ, ಸ್ಟಾಕು ಖಾಲಿಯಾದರೆ ಸಾಕೆಂದು ಕೂತಿರುವ ಅಂಗಡಿಯವನ ಜೊತೆ ಅರ್ಧ ದಿನ ಚೌಕಾಸಿ ಮಾಡುತ್ತಾರೆ. ಆ ಮಂಕಿ ಟೋಪಿಯನ್ನು ಕೊಂಡದ್ದು ಏಪ್ರಿಲಿನಲ್ಲಿ.

ನಮ್ಮ ಓಣಿಯಲ್ಲಿರುವ ಅಂಥವರಿಗೆ ‘ಆಫ್ ಸೀಜನ್ ಸಾವ್ಕಾರ್ರು’ ಎಂದೇ ಹೆಸರು. ನಿಜವಾದ ಹೆಸರು ಬೇಡ. ನಿಮ್ಮ ಓಣಿಯವರ ಹೆಸರು ಹಾಕಿಕೊಂಡು ಓದಿದರೂ ಲೆಕ್ಕ ತಪ್ಪುವುದಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ ಇದೆ, ರೊಕ್ಕಕ್ಕೆ ಕೊರತೆಯಿಲ್ಲ. ಜಿಪುಣರಂತೂ ಅಲ್ಲವೇ ಅಲ್ಲ. ಜಿಪುಣ ಖರ್ಚೇ ಮಾಡುವುದಿಲ್ಲ. ಸಾವ್ಕಾರ್ರು ಧಾರಾಳವಾಗಿ ಮಾಡುತ್ತಾರೆ, ಊರಿನವರೆಲ್ಲ ಮಾಡಿ ಮುಗಿಸಿದ ಮೇಲೆ. ಗಣಪತಿ ಅವರ ಮನೆಗೆ ಬರುವುದು ಚೌತಿಯ ಸಂಜೆ, ಪಟಾಕಿ ಬರುವುದು ಬಲಿಪಾಡ್ಯಮಿಯ ರಾತ್ರಿ. ಆಷಾಢದಲ್ಲಿ ಕಲ್ಯಾಣ ಮಂಟಪದ ಬಾಡಿಗೆ ಇಳಿಯುತ್ತದೆಂದು ಗೊತ್ತಾಗಿ ಮಗಳ ಮದುವೆಯನ್ನೇ ಆಷಾಢದಲ್ಲಿ ಇಟ್ಟುಕೊಳ್ಳಲು ಹೊರಟಿದ್ದರು. ಪುರೋಹಿತರು ಕೈಮುಗಿದರು, ಸಿರುಗುಪ್ಪದ ಬೀಗರು ಫೋನ್ ಇಟ್ಟರು, ಮನೆಯವರು ಮಾತು ಬಿಟ್ಟರು. ಶ್ರಾವಣದ ಬಾಡಿಗೆ ಕೊಟ್ಟ ಸಂಕಟವನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಪ್ರವಾಸದಲ್ಲೂ ಅದೇ ಶಿಸ್ತು. ತುಂಗಭದ್ರಾ ಡ್ಯಾಮ್ ನೋಡಲು ಮೇ ತಿಂಗಳಲ್ಲಿ ಹೊಸಪೇಟೆಗೆ ಹೋಗಿಬಂದರು. ‘ನೀರು ಇತ್ತೇನ್ರಿ?’ ಎಂದು ಕೇಳಿದರೆ, ‘ತುಂಬಿದಾಗ ಗೇಟಿನ ಮುಂದ ನಿಂತು ಫೋಟೋ ಹೊಡಿಸ್ಕೊಳ್ಳೋರು ಸಾವಿರ ಮಂದಿ. ತಳ ನೋಡಿದೋರು ಎಷ್ಟು ಮಂದಿ ಅದಾರೆ ಹೇಳಪ್ಪಾ’ ಎಂದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂಬ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಸಾವ್ಕಾರ್ರು ಏಪ್ರಿಲಿನಲ್ಲಿ ಹೋದರು. ಗಾಂಧೀಜಿ ಲಾಡ್ಜಿನ ರೇಟು ವಿಚಾರಿಸಿರಲಿಲ್ಲ ಎಂಬುದು ಅವರ ಸಮಜಾಯಿಷಿ.

ಹೀಗಿರುವವರ ಮಗಳು-ಅಳಿಯ ಕೆಲಸದ ಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗಿ ಮನೆ ಮಾಡಿದರು. ‘ಅಪ್ಪಾ, ಜೂನ್‌ನಾಗ ಬರ್ರಿ, ಬಿಸಿಲು, ಹೂವು, ಹಸಿರು ಎಲ್ಲಾ ಇರ್ತದೆ’ ಎಂದಳು ಮಗಳು.

‘ಟಿಕೀಟು ಎಷ್ಟವ್ವಾ?’

ಹೇಳಿದಳು.

‘ನವೆಂಬರ್‌ನಾಗ?’

ಅದನ್ನೂ ಹೇಳಿದಳು. ಹೇಳಬಾರದಿತ್ತು. ‘ನವೆಂಬರ್‌ನಾಗ ಇಲ್ಲಿ ಏನೂ ಇರಲ್ಲಪ್ಪಾ’ ಎಂದು ತಿದ್ದಿಕೊಳ್ಳಲು ನೋಡಿದಳು.

‘ನೀನು ಇರ್ತೀಯಲ್ಲವ್ವಾ, ಸಾಕು’ ಎಂದರು ಸಾವ್ಕಾರ್ರು.

ಆ ತುದಿಯಲ್ಲಿ ಮಗಳಿಗೆ ಗಂಟಲು ಕಟ್ಟಿತಂತೆ. ಈ ತುದಿಯಲ್ಲಿ ಅವರ ಮನೆಯವರು ಹಣೆ ಚಚ್ಚಿಕೊಂಡರು.

ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಲ್ಪ್ಸ್ ಸೀಮೆಯಲ್ಲಿ ನವೆಂಬರ್ ಎಂದರೆ ಯಾರಿಗೂ ಬೇಡದ ತಿಂಗಳು. ಬೆಟ್ಟ ಹತ್ತುವವರು ಅಕ್ಟೋಬರಿಗೇ ಇಳಿದು ಹೋಗಿರುತ್ತಾರೆ, ಹಿಮದಲ್ಲಿ ಜಾರುವವರು ಡಿಸೆಂಬರಿಗೆ ಬರಬೇಕು. ನಡುವೆ ಸಿಕ್ಕ ಈ ಬಿಡುವಿನಲ್ಲಿ ಬೆಟ್ಟದೂರಿನ ಹೋಟೆಲಿನವರು ಬಾಗಿಲು ಹಾಕಿ ತಾವೇ ಪ್ರವಾಸ ಹೋಗುತ್ತಾರೆ. ಕೇಬಲ್ ಕಾರ್‌ಗಳನ್ನು ನಿಲ್ಲಿಸಿ, ಹಗ್ಗ, ಗಾಲಿ, ಬ್ರೇಕು ಎಲ್ಲವನ್ನೂ ಬಿಚ್ಚಿ ತಪಾಸಣೆ ಮಾಡುತ್ತಾರೆ. ಕೆಳಗಿನ ಊರುಗಳ ಮೇಲೆ ಬೂದು ಮಂಜು ದಿನಗಟ್ಟಲೆ ಕವಿದಿರುತ್ತದೆ. ಸೂರ್ಯ ಇರುವುದು ಅದರ ಮೇಲೆ, ಮೇಲಕ್ಕೆ ಹೋಗುವ ಕೇಬಲ್ ಕಾರ್ ಬಂದ್. ಸಂಜೆ ಐದಕ್ಕೆಲ್ಲ ಕತ್ತಲು. ಎಲೆ ಉದುರಿರುತ್ತದೆ, ಹಿಮ ಬಿದ್ದಿರುವುದಿಲ್ಲ. ಕ್ಯಾಲೆಂಡರಿನ ಚಿತ್ರಗಳಲ್ಲಿರುವುದು ಇದರ ಹಿಂದಿನ ಸ್ವಿಟ್ಜರ್ಲೆಂಡ್, ಇಲ್ಲವೇ ಮುಂದಿನದು.

ಸಾವ್ಕಾರ್ರ ಮನೆಯವರಿಗೆ ಇದ್ದದ್ದು ಒಂದೇ ಆಸೆ. ಟಿಟ್ಲಿಸ್ ಶಿಖರದ ಮೇಲೆ ಶಾರುಖ್ ಖಾನ್, ಕಾಜೋಲ್ ಇಬ್ಬರ ಕಟೌಟ್ ನಿಲ್ಲಿಸಿದ್ದಾರೆ, 1995ರ ಆ ಸಿನಿಮಾದ್ದು. ಅದರ ಪಕ್ಕ ನಿಂತು ಒಂದು ಫೋಟೋ. ಕೇಬಲ್ ಕಾರ್ ರಿಪೇರಿಗೆ ನಿಂತಿತ್ತು. ಮನೆಯವರು ಬೇಜಾರು ಮಾಡಿಕೊಂಡು ಕೂತರೆ, ಸಾವ್ಕಾರ್ರು ಟಿಕೀಟಿನ ದರ ಓದಿದರು. ತಲೆಗೆ ಹತ್ತಿರ ಹತ್ತಿರ ನೂರು ಫ್ರಾಂಕ್. ಇಬ್ಬರದು ಸೇರಿದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರದ ಸುತ್ತಮುತ್ತ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಅಷ್ಟನ್ನೂ ಜಮಾ ಕಡೆಗೆ ಬರೆದುಕೊಂಡರು. ಆಮೇಲೆ ಎಲ್ಲಿ ಬೀಗ ಕಂಡರೂ ಅವರ ಮುಖ ಅರಳುತ್ತಿತ್ತಂತೆ. ಬಂದಾಗಿರುವ ಮ್ಯೂಜಿಯಂ, ಜಮಾ. ನಿಂತಿರುವ ದೋಣಿ, ಜಮಾ.

ಅಳಿಯಂದಿರು ಸಿರುಗುಪ್ಪದ ಅಕ್ಕಿ ಗಿರಣಿಯ ಮನೆತನದವರು. ಮಾವನ ನಾಡಿ ಹಿಡಿದರು. ‘ಮಾವಾರೆ, ನಾಳೆ ಇನ್ನೊಂದು ದೇಶಕ್ಕೆ ಹೋಗಿ ಸಂಜೆಗೆ ವಾಪಸ್ ಬಂದುಬಿಡೋಣ.’

‘ವೀಸಾ?’

‘ಇದೇ ನಡೀತದೆ.’

‘ಬ್ಯಾರೆ ರೊಕ್ಕ?’

‘ಇದೇ ಫ್ರಾಂಕು.’

ಒಂದು ವೀಸಾಕ್ಕೆ ಎರಡು ದೇಶ! ಸಾವ್ಕಾರ್ರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ದೇಶ ಲಿಕ್ಟನ್‌ಸ್ಟೈನ್. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾದ ನಡುವೆ 160 ಚದರ ಕಿಲೋಮೀಟರ್. ಉದ್ದ ಸುಮಾರು 25 ಕಿಲೋಮೀಟರ್, ಅಂದರೆ ಬಳ್ಳಾರಿಯಿಂದ ಹೊರಟು ಕುರುಗೋಡು ಮುಟ್ಟುವಷ್ಟರಲ್ಲಿ ದೇಶ ಮುಗಿದಿರುತ್ತದೆ. ಹಿಂದಿನ ನಮ್ಮ ಸಂಡೂರು ಸಂಸ್ಥಾನ ಅದರ ಎರಡು ಪಟ್ಟಿಗೂ ದೊಡ್ಡದಿತ್ತು. ವಿಮಾನ ನಿಲ್ದಾಣ ಇಲ್ಲ, ಸ್ವಂತ ನಾಣ್ಯ ಇಲ್ಲ, 1868ರಿಂದ ಸೈನ್ಯವೂ ಇಲ್ಲ. 1923ರಲ್ಲಿ ಸ್ವಿಸ್ಸಿನವರ ಜೊತೆ ಸುಂಕದ ಒಪ್ಪಂದ ಮಾಡಿಕೊಂಡ ಮೇಲೆ ಆ ಗಡಿಯಲ್ಲಿ ತಡೆದು ಕೇಳುವವರೂ ಇಲ್ಲ. ಜಾರ್ಗನ್ಸ್‌ನಲ್ಲಿ ರೈಲಿಳಿದು ಬಸ್ಸು ಹತ್ತಿದರೆ, ರೈನ್ ನದಿ ದಾಟಿದ್ದೇ ದೇಶಾಂತರ. ಸಿರುಗುಪ್ಪದಿಂದ ಆದೋನಿಗೆ ಹೋಗುವಾಗ ಬೋರ್ಡಿನ ಅಕ್ಷರವಾದರೂ ಕನ್ನಡದಿಂದ ತೆಲುಗಿಗೆ ತಿರುಗುತ್ತದೆ. ಇಲ್ಲಿ ಅದೂ ಇಲ್ಲ, ಎರಡೂ ಕಡೆ ಜರ್ಮನ್ನೇ.

ರಾಜಧಾನಿ ವಾಡುತ್ಸ್‌ನ ಬೀದಿಯಲ್ಲಿ ಆ ದಿನ ಓಡಾಡುತ್ತಿದ್ದವರು ಇವರೇ ಮೂವರು. ಮೇಲೆ ಗುಡ್ಡದ ಅಂಚಿನಲ್ಲಿ ಅರಸರ ಕೋಟೆ. ಅರಸರ ಮನೆಯವರು ಅಲ್ಲೇ ವಾಸವಾಗಿರುವುದರಿಂದ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ, ಅದು ಯಾವ ತಿಂಗಳಾದರೂ ಅಷ್ಟೆ. ಇದನ್ನು ಕೇಳಿ ಸಾವ್ಕಾರ್ರು ನಡುಬೀದಿಯಲ್ಲಿ ನಿಂತು ನಕ್ಕರಂತೆ. ‘ಹಂಗಾದ್ರೆ ಜುಲೈನಾಗ ಡಬಲ್ ರೊಕ್ಕ ಕೊಟ್ಟು ಬಂದೋರೂ ಇಲ್ಲೇ ನಿಂತು ನೋಡಿ ಹೋಗ್ಯಾರೆ!’ ಆಮೇಲೆ ಕೋಟೆಯನ್ನೂ ಅದರ ಹಿಂದೆ ಏರಿ ನಿಂತ ಬೆಟ್ಟಗಳನ್ನೂ ಅಳೆಯುವವರಂತೆ ನೋಡಿ ತಲೆಯಾಡಿಸಿದರು. ಬಳ್ಳಾರಿಯ ಕೋಟೆಗಿಂತ ಎದುರಿನ ಕುಂಬಾರ ಗುಡ್ಡವೇ ಎತ್ತರವೆಂದು ಆಮೇಲೆ ಗೊತ್ತಾಗಿ, ಹೈದರಾಲಿ ತನ್ನ ಫ್ರೆಂಚ್ ಇಂಜಿನಿಯರನ್ನು ಗಲ್ಲಿಗೇರಿಸಿದನೆಂಬ ಕಥೆ ನಮ್ಮೂರ ಮಕ್ಕಳಿಗೂ ಗೊತ್ತು. ‘ಇಲ್ಲಿ ಸುತ್ತಾ ಎತ್ತರ ಐತೆ. ಹೈದರಾಲಿ ಇದ್ದಿದ್ರೆ ಒಬ್ಬ ಇಂಜಿನಿಯರ್ ಸಾಲ್ತಿರಲಿಲ್ಲ’ ಎಂದರು.

ಆದರೆ ಅವರು ಆ ದೇಶಕ್ಕೆ ಮನಸೋತದ್ದು ಅದರ ಖರೀದಿಯ ಕಥೆ ಕೇಳಿ. ಲಿಕ್ಟನ್‌ಸ್ಟೈನ್ ಎಂಬುದು ಮೊದಲು ಊರ ಹೆಸರಲ್ಲ, ಕೊಂಡವರ ಮನೆತನದ ಹೆಸರು. ಸಾಲದಲ್ಲಿ ಮುಳುಗಿದ್ದ ಹಳೆಯ ಒಡೆಯರಿಂದ ಶೆಲೆನ್‌ಬರ್ಗ್ ಭಾಗವನ್ನು 1699ರಲ್ಲಿ, ವಾಡುತ್ಸ್ ಭಾಗವನ್ನು 1712ರಲ್ಲಿ ಈ ಮನೆತನ ಕೊಂಡಿತು. 1719ರಲ್ಲಿ ವಿಯೆನ್ನಾದ ಚಕ್ರವರ್ತಿ ಎರಡನ್ನೂ ಸೇರಿಸಿ ಸಂಸ್ಥಾನ ಮಾಡಿದ. ಬೇಕಾಗಿದ್ದದ್ದು ಭೂಮಿಯಲ್ಲ, ಸಾಮ್ರಾಜ್ಯದ ಸಭೆಯಲ್ಲಿ ಒಂದು ಕುರ್ಚಿ. ಹಾಗಾಗಿ ಅರಸರು ವಿಯೆನ್ನಾದಲ್ಲೇ ಉಳಿದರು. ನೂರು ವರ್ಷ ಕಳೆದರೂ ಆಳುವ ಅರಸ ತನ್ನ ದೇಶದ ಕಡೆ ತಲೆ ಹಾಕಿರಲಿಲ್ಲ. ವಾಡುತ್ಸ್‌ಗೆ ಬಂದು ನೆಲೆಸಿದ್ದು 1938ರಲ್ಲಿ. ‘ನೋಡ್ರಿ ಅಳಿಯಂದ್ರೇ, ಇದು ವ್ಯಾಪಾರ! ತಗೊಳ್ಳೋವಾಗ ತಗೋಬೇಕು, ನೋಡೋದು ಯಾವಾಗಾದ್ರೂ ನೋಡಬಹುದು’ ಎಂದು ಸಾವ್ಕಾರ್ರು ಕೋಟೆಯ ದಿಕ್ಕಿಗೆ ಕೈಮುಗಿದರು. ಗಣಿ ಧೂಳಿನ ಕಾಲದಲ್ಲಿ ಸೈಟು ಕೊಂಡು, ಮೂಲೆಗೆ ಕಲ್ಲು ನೆಟ್ಟು, ಆಮೇಲೆ ಆ ಕಡೆ ಹೋಗದ ಮಂದಿ ನಮ್ಮಲ್ಲೂ ಕಡಿಮೆಯಿಲ್ಲ. ಅವರಿಗೆ ಯಾರೂ ಸಂಸ್ಥಾನ ಕೊಡಲಿಲ್ಲ, ಅಷ್ಟೆ.

ಇನ್ನೊಂದು ಕಥೆ ಅವರಿಗೆ ಬಾಯಿಪಾಠವಾಗಿದೆ. 1866ರ ಯುದ್ಧಕ್ಕೆ ಆ ದೇಶ 80 ಜನ ಸಿಪಾಯಿಗಳನ್ನು ಕಳಿಸಿತ್ತು, ಯಾರೂ ಸಾಯಲಿಲ್ಲ, ದಾರಿಯಲ್ಲಿ ಒಬ್ಬ ಗೆಳೆಯ ಜೊತೆಗೂಡಿ 81 ಜನ ವಾಪಸ್ ಬಂದರು ಎಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ‘ಎಂಬತ್ತಕ್ಕೆ ಒಂದು ಫ್ರೀ!’ ಎಂದು ಸಾವ್ಕಾರ್ರು ಇದನ್ನು ಯಾರ್ಡಿನ ಹಮಾಲರಿಗೂ ಹೇಳಿದ್ದಾರೆ.

ಪ್ರವಾಸಿ ಕಚೇರಿಯಲ್ಲಿ ಮೂರು ಫ್ರಾಂಕ್ ಕೊಟ್ಟರೆ ಪಾಸ್‌ಪೋರ್ಟಿಗೆ ನೆನಪಿನ ಠಸ್ಸೆ ಒತ್ತಿಕೊಡುತ್ತಿದ್ದರು. ಗಡಿಯಲ್ಲಿ ಯಾರೂ ಕೇಳದಿದ್ದ ಮೇಲೆ ದುಡ್ಡು ಕೊಟ್ಟು ಕೇಳಿಸಿಕೊಳ್ಳುವುದೇಕೆ ಎಂದು ಸಾವ್ಕಾರ್ರು ಮೊದಲು ಒಪ್ಪಲಿಲ್ಲ. ಠಸ್ಸೆ ಇಲ್ಲದಿದ್ದರೆ ಬೀಗರು ನಂಬುವುದಿಲ್ಲ ಎಂದು ಮನೆಯವರು ಕಿವಿಯಲ್ಲಿ ಹೇಳಿದ ಮೇಲೆ ಒಂದು ಪಾಸ್‌ಪೋರ್ಟ್ ಮುಂದಿಟ್ಟು, ಇಬ್ಬರದಾದರೆ ಎಷ್ಟಕ್ಕೆ ಮಾಡಿಕೊಡುತ್ತೀರಿ ಎಂದು ಅಳಿಯಂದಿರಿಂದ ಜರ್ಮನ್‌ನಲ್ಲಿ ಕೇಳಿಸಿದರು. ಆರು ಫ್ರಾಂಕ್ ಎಂದರಂತೆ.

ಮಧ್ಯಾಹ್ನ ಮಾಲ್ಬುನ್ ಎಂಬ ಬೆಟ್ಟದೂರಿಗೆ ಬಸ್ಸು ಹತ್ತಿದರು. ಆ ದೇಶದ ಹಿಮದಾಟದ ಊರು ಅದು. ಹಿಮ ಇರಲಿಲ್ಲ, ಆಟ ಇರಲಿಲ್ಲ, ತೂಗುಕುರ್ಚಿಯ ಯಂತ್ರ ನಿಂತಿತ್ತು, ಹೋಟೆಲಿಗೆ ಬೀಗ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು. ಇಳಿದು ಬರುವಷ್ಟರಲ್ಲಿ ಫ್ಯೋನ್ ಎಂಬ ಗಾಳಿ ಎದ್ದಿತ್ತು. ದಕ್ಷಿಣದ ಬೆಟ್ಟ ದಾಟಿ ರೈನ್ ಕಣಿವೆಗೆ ನುಗ್ಗುವ ಬೆಚ್ಚನೆಯ ಒಣಗಾಳಿ. ಅದು ಬೀಸಿದರೆ ತಲೆ ಸಿಡಿಯುತ್ತದೆಂದು ಅಲ್ಲಿನವರು ಹಣೆ ಒತ್ತಿಕೊಳ್ಳುತ್ತಾರೆ. ಸಾವ್ಕಾರ್ರು ಕೋಟಿನ ಗುಂಡಿ ಬಿಚ್ಚಿ, ಜ್ಯೂರಿಕ್‌ನಲ್ಲಿ ಇಳಿದ ಮೇಲೆ ಮೊದಲ ಸಲ ನೆಟ್ಟಗೆ ಉಸಿರಾಡಿದರು.

ಊರಿಗೆ ಬಂದ ಮೇಲೆ ಉಗ್ಗಾಣಿ-ಮಿರ್ಚಿ ಹೋಟೆಲಿನಲ್ಲಿ ಅವರದೇ ದರ್ಬಾರು. ‘ಹಿಲ್ಟಿ ಮಷಿನ್ ಗೊತ್ತೇನು? ಸ್ಲ್ಯಾಬಿಗೆ ತೂತು ಹೊಡೆಯೋದು? ಆ ಕಂಪನಿ ಊರು ನೋಡಿ ಬಂದೆ’ ಎಂದು ಗಾರೆಯವರನ್ನು ಕೂರಿಸಿಕೊಳ್ಳುತ್ತಾರೆ. ಹಿಲ್ಟಿ ಹುಟ್ಟಿದ್ದು ಆ ದೇಶದ ಶಾನ್ ಎಂಬ ಊರಿನಲ್ಲಿ, 1941ರಲ್ಲಿ, ಇಷ್ಟು ನಿಜ. ಶಾನ್‌ನಲ್ಲಿ ಬಸ್ಸು ಇಳಿಯಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ, ಮನೆಯವರು ಹೇಳುತ್ತಾರೆ.

ಕುರುಗೋಡಿನಲ್ಲಿ ಅವರ ಅಕ್ಕ ಇದ್ದಾರೆ. ‘ತಮ್ಮಾ, ಅಷ್ಟು ದೂರ ಹೋಗಿ ಏನ್ ನೋಡಿದ್ರಿ?’ ಎಂದು ಕೇಳಿದರು. ಸಾವ್ಕಾರ್ರು ಬಾಯಿ ತೆರೆಯುವ ಮೊದಲೇ ಮನೆಯವರು, ‘ಬಾಗಿಲು ನೋಡಿದ್ವಿ ಅಕ್ಕಾ. ಭಾಳ ಚಂದ ಬಾಗಿಲು ಅದಾವೆ’ ಎಂದರು.

‘ಇವನು ಹಂಗೇ ಬಿಡವ್ವಾ. ದೊಡ್ಡ ಬಸವೇಶ್ವರನ ತೇರಿಗೆ ಬಾ ಅಂದ್ರೆ ತೇರು ಮುಗಿದ ಮರುದಿನ ಬರ್ತಾನೆ, ಮಂಡಕ್ಕಿ ಅಗ್ಗ ಅಂತ.’

‘ಮರುದಿನ ಬಸವಣ್ಣ ಎಲ್ಲಿಗೆ ಹೋಗ್ತಾನಕ್ಕಾ? ಒಂದೇ ಕಲ್ಲಿನಾಗ ಕೂತಾನೆ’ ಎಂದರು ಸಾವ್ಕಾರ್ರು. ಅಕ್ಕ ನಿರುತ್ತರ. ನನಗೂ ಇದಕ್ಕೆ ಉತ್ತರ ಹೊಳೆದಿಲ್ಲ.

ಸೋತದ್ದು ಸಿರುಗುಪ್ಪದಲ್ಲಿ. ಬೀಗರ ಗಿರಣಿಯ ಅಂಗಳದಲ್ಲಿ ಭತ್ತದ ರಾಶಿ, ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು. ಸಾವ್ಕಾರ್ರು ಠಸ್ಸೆ ತೋರಿಸಿ, ಇಡೀ ದೇಶಕ್ಕೆ ಸುಮಾರು 40,000 ಜನ ಎಂದು ಶುರು ಮಾಡಿದರು. ‘ನಮ್ಮ ಸಿರುಗುಪ್ಪನೇ ಅದಕ್ಕಿಂತ ದೊಡ್ಡದಾಯ್ತಲ್ಲ. ಹಂಗಾದ್ರೆ ನಮ್ಮ ನಗರಸಭೆ ಅಧ್ಯಕ್ಷರೂ ಅರಸರೇ’ ಎಂದರು ಬೀಗರು. ಸಾವ್ಕಾರ್ರು ಬಿಡದೆ, ನವೆಂಬರಿನಲ್ಲಿ ಹೋದದ್ದರಿಂದ ಟಿಕೀಟಿನಲ್ಲಿ ಉಳಿದದ್ದು, ಬೀಗಗಳಿಂದ ಉಳಿದದ್ದು, ಎಲ್ಲ ಕೂಡಿಸಿದ ಪುಸ್ತಕ ಮುಂದಿಟ್ಟರು. ಬೀಗರು ಕನ್ನಡಕ ಹಾಕಿಕೊಂಡು ಜಮಾ ಕಡೆ ಕೊನೆಯವರೆಗೆ ಓದಿದರು.

‘ಲೆಕ್ಕ ಚೊಕ್ಕ ಐತೆ ಬೀಗರೇ. ಆದ್ರೆ ಅವರ ಆಫ್ ಸೀಜನ್ ನಮ್ಮ ಸುಗ್ಗಿ. ಈ ನವೆಂಬರ್ ಪೂರಾ ನಿಮ್ಮ ಅಂಗಡಿ ಮುಂದಿಂದ ಹೋದ ಚೀಲಗಳ ದಲಾಲಿ ಯಾರು ತಗೊಂಡ್ರು? ಅದನ್ನ ಯಾವ ಕಡೆ ಬರ್ಕೊಂಡೀರಿ?’

ಸಾವ್ಕಾರ್ರು ಪುಸ್ತಕ ಮುಚ್ಚಿ ಜೇಬಿಗಿಟ್ಟರು. ಮಜ್ಜಿಗೆ ಬಂತು, ಕುಡಿದರು. ಬಳ್ಳಾರಿಗೆ ಬರುವ ತನಕ ಕಾರಿನಲ್ಲಿ ಮಾತಿಲ್ಲ.

ಒಂದು ವಾರ ಸುಮ್ಮನಿದ್ದರು. ಈಗ ಯಾರೋ ದುಬೈ ಬಗ್ಗೆ ತಲೆಗೆ ತುಂಬಿದ್ದಾರೆ. ಜೂನ್, ಜುಲೈನಲ್ಲಿ ಅಲ್ಲಿ ಹೋಟೆಲ್ ರೇಟು ಬಿದ್ದುಹೋಗಿರುತ್ತದಂತೆ, ಯಾಕೆಂದರೆ ಬಿಸಿಲು ನಲವತ್ತು ದಾಟುತ್ತದೆ. ‘ನಲವತ್ತು ಒಂದು ಬಿಸಿಲೇನಪ್ಪಾ?’ ಎಂದು ಸಾವ್ಕಾರ್ರು ಎದ್ದು ಕೂತಿದ್ದಾರೆ. ಜೂನ್‌ನಲ್ಲಿ ಯಾರ್ಡಿನಲ್ಲೂ ಕೆಲಸ ಕಡಿಮೆ, ಬೀಗರಿಗೂ ಬಾಯಿಲ್ಲ. ಮನೆಯವರು ಈ ಸಲ ಒಂದೇ ಮಾತು ಕೇಳಿದರು: ‘ಅಲ್ಲಿ ಬಾಗಿಲು ತೆಗೆದಿರ್ತಾರೋ ಇಲ್ಲೋ, ಮೊದಲು ಅದನ್ನ ಕೇಳ್ರಿ.’

ತೆಗೆದಿರುತ್ತಾರಂತೆ, ಎಲ್ಲಾ ಕಡೆ ಎಸಿ ಇರುವುದರಿಂದ. ಅದಕ್ಕೇ ಸಾವ್ಕಾರ್ರು ಇನ್ನೂ ಮನಸ್ಸು ಮಾಡಿಲ್ಲ. ಬಾಗಿಲು ತೆಗೆದಿದ್ದರೆ ಖರ್ಚು ಬರುತ್ತದೆ.